ಹನ್ನೆರಡು ಇಪ್ಪತ್ತೊಂದರ ಕರೆ

ಕಾರ್ಮೆಲ್ ವ್ಯಾಲಿ, ಸ್ಯಾನ್ ಡಿಯಾಗೊ
ಹಿಜರಿ 1445, ರಬೀಉಲ್ ಆಖಿರ್ 29, ಸೋಮವಾರ
ಕ್ರಿ.ಶ. 2023, ನವೆಂಬರ್ 13

ಎಂದೂ ಕಣ್ಣು ಮುಚ್ಚದ ಕಾವಲುಗಾರನೂ, ಬಾಯಿ ಆಡಿದ್ದನ್ನೂ ಎದೆ ಅಡಗಿಸಿದ್ದನ್ನೂ ಸಮನಾಗಿ ಬಲ್ಲವನೂ ಆದ ಪರಮ ದಯಾಮಯನ ನಾಮದಿಂದ.

ಮಾನ್ಯ ಮಿತ್ರರಾದ ಅರವಿಂದರಿಗೆ ಅಕ್ಬರ್ ಪಾಷಾನ ಸಲಾಮು.

ತಾವೂ ಶ್ರೀಮತಿ ಭಾನುಮತಿಯವರೂ ಬೆಂಗಳೂರನ್ನು ಸುಖವಾಗಿ ತಲುಪಿದ ಸುದ್ದಿಯನ್ನು ಮಗ ಅರ್ಷದ್ ತಿಳಿಸಿದನು. ಫೋನಿನ ತುಂಡು ಸಂದೇಶಗಳಲ್ಲಿ ನನಗೆ ಮಾತು ಕೂಡಿಬರುವುದಿಲ್ಲ. ಆದ್ದರಿಂದ ಕಾಗದದಲ್ಲಿ ಬರೆದು ಅವನ ಕೈಗೆ ಕೊಡುತ್ತೇನೆ. ಅವನು ಫೋಟೋ ತೆಗೆದು ಕಳಿಸುತ್ತಾನೆ. ತಾವೂ ಹಾಗೆಯೇ ಉತ್ತರಿಸಬೇಕಾಗಿ ವಿನಂತಿ.

ತಾವು ಹೊರಟ ಒಂಬತ್ತನೆಯ ದಿನ, ಅಂದರೆ ಮೊನ್ನೆ ಶುಕ್ರವಾರ ಸಂಜೆ ನಾಲ್ಕಕ್ಕೆ, ತಮ್ಮ ಲಾಸ್ ಏಂಜಲೀಸ್ ಮನೆಯ ಅಲಾರಂ ಕೂಗಿತು. ಅಲಾರಂ ಕಂಪನಿಯ ಕಾವಲು ಕೇಂದ್ರದಿಂದ ನನಗೆ ಫೋನು ಬಂದಿತು. ಕೇಂದ್ರದ ಹೆಣ್ಣುಮಗಳಿಗೆ ತಾವು ಕಲಿಸಿದ ಗುಪ್ತಪದವನ್ನು ಹೇಳಿದೆನು. ಊಟದ ಕೋಣೆಯ ಚಲನೆಯ ಸೆನ್ಸರ್ ಎಚ್ಚೆತ್ತಿದೆಯೆಂದು ಆಕೆ ತಿಳಿಸಿದಳು. ಪೊಲೀಸರನ್ನು ಕಳಿಸುವುದು ಬೇಡ, ನಾವೇ ನೋಡುತ್ತೇವೆ ಎಂದೆನು. ಅನಂತರ ತಮ್ಮ ಬೀದಿಯಲ್ಲೇ ಮಗಳ ಮನೆಯಲ್ಲಿರುವ ಸಾವಿತ್ರವ್ವನವರಿಗೆ ಕರೆಮಾಡಿದೆನು. ಆಕೆ ಶುಕ್ರವಾರದ ದೀಪ ಹಚ್ಚಿ, ಗಿಡಗಳಿಗೆ ನೀರುಣಿಸಿ ಮಧ್ಯಾಹ್ನವೇ ಮರಳಿದ್ದರು, ಪುನಃ ಓಡಿದರು.

“ಒಳಗೆ ಏನಾದರೂ ಅಲುಗಾಡುತ್ತಿದೆಯೇ, ತಾಯಿ?” ಎಂದು ಕೇಳಿದೆ.

“ನಾನ ಅಲುಗಾಡಾಕತ್ತೀನ್ರಿ ಮಾಸ್ತರ್ರ, ಹೆದರಿ. ಮತ್ತ್ಯಾರೂ ಇಲ್ಲ.”

ಬಹಳ ವಿಚಾರಿಸಿದ ಮೇಲೆ ಕಾರಣ ತಿಳಿಯಿತು. ದೀಪಾವಳಿಗೆ ತಮ್ಮ ಮನೆ ಬರಿದಾಗಿರಬಾರದೆಂದು ಆಕೆ ಊಟದ ಕೋಣೆಯ ಬಾಗಿಲಿಗೆ ಪ್ಲಾಸ್ಟಿಕ್ ಮಾವಿನೆಲೆಯ ತೋರಣ ಕಟ್ಟಿದ್ದರು. ಸಂಜೆ ಹೀಟರ್ ತಾನಾಗಿ ಶುರುವಾದಾಗ ಬಿಸಿಗಾಳಿಗೆ ತೋರಣ ಆಡಿತು. ಸೆನ್ಸರ್ ಅದನ್ನು ಕಳ್ಳನೆಂದು ಬಗೆಯಿತು. ಬಿಚ್ಚಿರೆಂದರೆ, “ಹಬ್ಬದಾಗ ತೋರಣ ಬಿಚ್ಚು ಅಂತೀರಲ್ರಿ! ಕಳ್ಳ ಬಂದ್ರೂ ಇಂಥಾ ಮಾತ ಆಡ್ತಿದ್ದಿಲ್ಲ” ಎಂದು ಗದರಿದರು. ಕೊನೆಗೆ ಅದು ಹೊರಬಾಗಿಲಿಗೆ ಸ್ಥಳಾಂತರವಾಯಿತು.

ಹೊರಡುವ ಮುನ್ನ ತಾವು ನನ್ನನ್ನು ಅಲಾರಂನ ಕೀಪ್ಯಾಡಿನ ಮುಂದೆ ನಿಲ್ಲಿಸಿ, “ಕೋಡ್ ನಿಮಗ್ಯಾಕೆ ಮೇಷ್ಟ್ರೇ, ಅದು ಸಾವಿತ್ರವ್ವನ ಹತ್ರ ಇರುತ್ತೆ. ನೀವು ಫೋನ್ ಎತ್ತಿ ಆ ಒಂದು ಪದ ಹೇಳಿದ್ರೆ ಆಯ್ತು” ಎಂದಿರಿ. ಅದು ಯುಕ್ತವಾದ ವ್ಯವಸ್ಥೆಯೇ. ಕೋಡ್ ಒತ್ತುವಾಗ ತಾವು ಎಡ ಅಂಗೈಯನ್ನು ಅಡ್ಡ ಹಿಡಿದದ್ದೂ ಅಭ್ಯಾಸಬಲದಿಂದಲೇ ಇರಬೇಕು. ಇದನ್ನು ಬರೆಯುವ ಅಗತ್ಯವಿರಲಿಲ್ಲ. ಲೇಖನಿ ತಾನೇ ನಡೆದುಬಿಟ್ಟಿತು.

ಇಂತು ತಮ್ಮ ಹಿತೈಷಿ,
ಅಕ್ಬರ್ ಪಾಷಾ


ಮಲ್ಲೇಶ್ವರ, ಬೆಂಗಳೂರು
24 ನವೆಂಬರ್ 2023

ಪ್ರಿಯ ಮೇಷ್ಟ್ರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಭಾನು ಗಟ್ಟಿಯಾಗಿ ಓದಿದಳು. ತೋರಣದ ಪ್ರಸಂಗಕ್ಕೆ ನನ್ನ ತಮ್ಮನ ಮನೆಯವರೆಲ್ಲ ನಕ್ಕರು. ಮೂವತ್ತು ವರ್ಷ ಟೆಲಿಕಾಂನಲ್ಲಿ ಕೆಲಸ ಮಾಡಿದವನು ಸೆನ್ಸರನ್ನು ಹೀಟರಿನ ಎದುರು ಹಾಕಿಸಿದ್ದು ನನ್ನದೇ ದಡ್ಡತನ. ಬಂದ ಮೇಲೆ ಸರಿಪಡಿಸುತ್ತೇನೆ.

ಅಲಾರಂ ಮತ್ತೆ ಕೂಗಿದರೆ ಏನಾಗುತ್ತದೆಂದು ಸ್ಪಷ್ಟವಾಗಿ ಬರೆದುಬಿಡುತ್ತೇನೆ. ಬಾಗಿಲು ತೆರೆದ ಮೂವತ್ತು ಸೆಕೆಂಡಿನೊಳಗೆ ಕೋಡ್ ಒತ್ತಬೇಕು. ಒತ್ತದಿದ್ದರೆ ಸೈರನ್. ಕೇಂದ್ರದವರು ಮೊದಲು ಕೀಪ್ಯಾಡಿನ ಸ್ಪೀಕರಿನಲ್ಲಿ ಮಾತಾಡಿಸುತ್ತಾರೆ. ಆದರೆ ಸಾವಿತ್ರವ್ವನಿಗೆ ಇಂಗ್ಲಿಷ್ ಬಾರದು. ಗೋಡೆ ಮಾತಾಡಿದರೆ ಕೈಮುಗಿದು ನಿಲ್ಲುತ್ತಾರೆ. ಆಮೇಲೆ ನಿಮಗೆ ಫೋನ್, ಕೊನೆಗೆ ನನಗೆ. ಇಬ್ಬರೂ ಎತ್ತದಿದ್ದರೆ ಪೊಲೀಸ್. ಅಲ್ಲಿಯ ಮಧ್ಯಾಹ್ನ ನನಗಿಲ್ಲಿ ನಡುರಾತ್ರಿ, ಹಾಗಾಗಿ ಇರುವವರು ನೀವೊಬ್ಬರೇ. ಕೇಂದ್ರದವರಿಗೂ ಸಾವಿತ್ರವ್ವನಿಗೂ ನಡುವೆ ಮಾತು ದಾಟಿಸುವವರು ಬೇರೆ ಯಾರಿದ್ದಾರೆ?

ನಿಮ್ಮದು ಫೋನ್ ಎತ್ತುವ ಕೆಲಸ ಮಾತ್ರ. ಅದೂ ಭಾರವೆನಿಸಿದರೆ ಸಂಕೋಚಪಡದೆ ಹೇಳಿ, ಸಿಯಾಟಲ್‌ನಲ್ಲಿರುವ ತಂಗಿಯ ಮಗ ರಾಘವನಿಗೆ ವಹಿಸುತ್ತೇನೆ.

ನಿಮ್ಮ
ಅರವಿಂದ


ಕಾರ್ಮೆಲ್ ವ್ಯಾಲಿ
ಜುಮಾದಲ್ ಆಖಿರ್ 3, ಶನಿವಾರ
2023, ಡಿಸೆಂಬರ್ 16

ಕರುಣಾಳುವಾದ ಪ್ರಭುವಿನ ನಾಮದಿಂದ.

ಮಾನ್ಯ ಅರವಿಂದರಿಗೆ ಸಲಾಮು.

ಭಾರವೆನಿಸಲಿಲ್ಲ. ರಾಘವನಿಗೆ ಶ್ರಮ ಕೊಡುವುದು ಬೇಡ.

ಕೀಪ್ಯಾಡು ಒಂದು ವಾರದಿಂದ ಆಗಾಗ ಸದ್ದು ಮಾಡುತ್ತಿದೆ. “ಗುಬ್ಬಿ ಸಿಕ್ಕೊಂಡಂಗ ಚೀಂವ್ ಅಂತೈತ್ರಿ, ಒಂದ ನಿಮಿಷಕ್ಕೊಮ್ಮೆ” ಎಂದು ಸಾವಿತ್ರವ್ವನವರ ವರದಿ. ಪರಿಹಾರ ತಿಳಿಸುವುದು.

ಇನ್ನೊಂದು ವಿಷಯವನ್ನು ದಾಖಲೆಗೆಂದು ಬರೆಯುತ್ತೇನೆ. ಆಕೆ ಶುಕ್ರವಾರದ ದೀಪಕ್ಕೆ ರಾಹುಕಾಲ ಕಳೆಯದೆ ಹೊಸ್ತಿಲು ದಾಟುವುದಿಲ್ಲ. ಊರಿನ ಕ್ಯಾಲೆಂಡರಿನ ಪ್ರಕಾರ ಅದು ಹನ್ನೆರಡಕ್ಕೆ ಮುಗಿಯುತ್ತದೆ. ಹನ್ನೆರಡೂಕಾಲಿನ ಸುಮಾರಿಗೆ ತಮ್ಮ ಹಿಂಬಾಗಿಲು ತೆರೆಯುತ್ತದೆ. ಕರ್ನಿ ಮೆಸಾದಲ್ಲಿ ಅರ್ಷದನ ಆಫೀಸಿನ ಬಳಿಯ ನಮ್ಮ ಮಸೀದಿಯಲ್ಲಿ ಶುಕ್ರವಾರದ ಜುಮಾ ನಮಾಜಿನ ಪ್ರವಚನ ಹನ್ನೆರಡೂವರೆಗೆ ಆರಂಭವಾಗುತ್ತದೆ. ನಡುವೆ ಕಾಲು ಗಂಟೆಯ ಬಿಡುವಿದೆ. ಈವರೆಗೆ ಅದು ಸಾಕಾಗಿದೆ.

ಇಂತು,
ಅಕ್ಬರ್ ಪಾಷಾ


ಬೆಂಗಳೂರು
19 ಡಿಸೆಂಬರ್ 2023

ಮೇಷ್ಟ್ರೇ,

ಅದು ಬ್ಯಾಟರಿ ಮುಗಿಯುತ್ತಿರುವ ಸೂಚನೆ. ಸಾಮಾನ್ಯ ಪೆನ್ಸಿಲ್ ಸೆಲ್ ನಾಲ್ಕು ಬೇಕು. ಕೀಪ್ಯಾಡನ್ನು ಮೇಲಕ್ಕೆ ತಳ್ಳಿದರೆ ಗೋಡೆಯಿಂದ ಕಳಚಿಕೊಳ್ಳುತ್ತದೆ. ಮೊದಲು ಕೋಡ್ ಒತ್ತಿ ಅಲಾರಂ ಆಫ್ ಮಾಡಿ, ಆಮೇಲೆ ಸೆಲ್ ಬದಲಿಸಲಿ. ಈ ಶುಕ್ರವಾರ ಹೋದಾಗಲೇ ಹಾಕಿಬಿಡಲು ಹೇಳಿ.

ತಮ್ಮನ ಮನೆಯ ಮದುವೆ ಓಡಾಟ, ಅವಸರದಲ್ಲಿದ್ದೇನೆ.

ಅರವಿಂದ


ಕಾರ್ಮೆಲ್ ವ್ಯಾಲಿ
ಜುಮಾದಲ್ ಆಖಿರ್ 11, ಭಾನುವಾರ
2023, ಡಿಸೆಂಬರ್ 24

ಸಂಕಟದಲ್ಲಿ ನೆನೆಯಲ್ಪಡುವವನ ನಾಮದಿಂದ.

ಮಾನ್ಯ ಅರವಿಂದರಿಗೆ,

ಸಾವಿತ್ರವ್ವನವರ ಮಗಳು ವಂದನಾ ತಮಗೆ ಫೋನಿನಲ್ಲಿ ಹೇಳಿರುವುದರಿಂದ ಮುಖ್ಯ ಸಂಗತಿ ತಿಳಿದೇ ಇದೆ. ಕ್ರಮವಾಗಿ ಬರೆದಿಡುವುದು ನನ್ನ ಕರ್ತವ್ಯ.

ಮೊನ್ನೆ ಶುಕ್ರವಾರ ಹನ್ನೆರಡೂಕಾಲು ದಾಟಿದ ಮೇಲೆ ಸಾವಿತ್ರವ್ವನವರು ಹಿಂಬಾಗಿಲಿನಿಂದ ಒಳಹೊಕ್ಕರು. ಹೊಸ ಸೆಲ್ಲುಗಳು ಚೀಲದಲ್ಲಿದ್ದವು. ಆದರೆ ಕೀಪ್ಯಾಡು ಅಷ್ಟರಲ್ಲಿ ಪೂರ್ತಿ ಸತ್ತಿತ್ತು. ಕೋಡ್ ಒತ್ತಿದರೂ ಅದರ ದೀಪ ಹೊತ್ತಿಕೊಳ್ಳಲಿಲ್ಲ. ಸೈರನ್ ಮೊಳಗಿತು. ಆಕೆಯ ಫೋನು ಮನೆಯಲ್ಲಿಯೇ ಉಳಿದಿತ್ತು. ಕಿವಿ ಮುಚ್ಚಿಕೊಂಡು ನಿಂತರು. ನಾಲ್ಕು ನಿಮಿಷಕ್ಕೆ ಸೈರನ್ ತಾನಾಗಿ ನಿಂತಾಗ, ಎಲ್ಲವೂ ಸರಿಹೋಯಿತೆಂದು ತಿಳಿದು ದೇವರ ಮುಂದೆ ದೀಪ ಹಚ್ಚಿದರು. ಪೂಜೆ ಮುಗಿಸಿ, ಗಿಡಗಳಿಗೆ ನೀರುಣಿಸಿ, ಇನ್ನೊಂದು ದೀಪವನ್ನು ಕೈಯಲ್ಲಿ ಹಿಡಿದು ಹಿತ್ತಲಿನ ತುಳಸಿಗೆಂದು ಹೊರಬಂದರು.

ಹಿತ್ತಲಿನಲ್ಲಿ ಇಬ್ಬರು ಪೊಲೀಸರು ನಿಂತಿದ್ದರು. ಒಬ್ಬನ ಕೈಯಲ್ಲಿ ಪಿಸ್ತೂಲಿತ್ತು. ಕೈಯಲ್ಲಿರುವುದನ್ನು ಕೆಳಗೆ ಬಿಸಾಡೆಂದು ಕೂಗಿದನು. ಮಾತು ತಿಳಿಯದಿದ್ದರೂ ಸನ್ನೆ ತಿಳಿಯಿತಂತೆ. “ಉರಿಯೋ ದೀಪಾನ ನೆಲಕ್ಕ ಒಗೀಲೇನ್ರಿ?” ಎಂದು ಆಮೇಲೆ ನನ್ನನ್ನೇ ಕೇಳಿದರು. ತುಳಸಿಯ ಬುಡದಲ್ಲಿ ಮೆಲ್ಲಗೆ ಇಡಲೆಂದು ಬಗ್ಗಿದರು. ಬಗ್ಗಿದ್ದನ್ನು ಆತ ಬೇರೆ ರೀತಿ ತಿಳಿದು ಆಕೆಯ ಕೈಯನ್ನು ತಿರುವಿದನು. ಕಾದ ಎಣ್ಣೆ ಮಣಿಕಟ್ಟಿನ ಮೇಲೆ ಚೆಲ್ಲಿತು. ಅದೇ ಮಣಿಕಟ್ಟಿಗೆ ಬೇಡಿ ತೊಡಿಸಿ, ಬೀದಿಯ ಅಂಚಿನಲ್ಲಿ ಕೂರಿಸಿದರು. ಆಫೀಸಿನಿಂದ ವಂದನಾ ಬರುವವರೆಗೆ, ಇಪ್ಪತ್ತೈದು ನಿಮಿಷ, ನೆರೆಯವರೆಲ್ಲ ನೋಡುತ್ತಿರಲು ಅರವತ್ತೆಂಟರ ಹೆಣ್ಣುಮಗಳು ಹಾಗೆ ಕುಳಿತಿದ್ದರು. ಸುಟ್ಟ ಗಾಯಕ್ಕೆ ಚಿಕಿತ್ಸೆಯಾಗಿದೆ. ತೋಳಿನ ನೋವು ಇದೆ.

ಕೇಂದ್ರದವರು ನನಗೆ ಕರೆಮಾಡಿದಾಗ ನಾನು ನಮಾಜಿನಲ್ಲಿದ್ದೆ.

ಅಕ್ಬರ್ ಪಾಷಾ


ಬೆಂಗಳೂರು
3 ಜನವರಿ 2024

ಪ್ರೀತಿಯ ಮೇಷ್ಟ್ರೇ,

ನಿಮ್ಮ ಕಾಗದದ ಕೊನೆಯ ಸಾಲನ್ನು ಮತ್ತೆ ಮತ್ತೆ ಓದಿದೆ. ನೀವು ನಿಮ್ಮನ್ನು ಹಳಿದುಕೊಳ್ಳಬೇಡಿ. ದೇವರ ಮುಂದೆ ನಿಂತವರು ಫೋನ್ ಎತ್ತಬೇಕಿತ್ತೆಂದು ಯಾರೂ ಹೇಳುವುದಿಲ್ಲ. ಭಾನು ಕೂಡ ಅದನ್ನೇ ಹೇಳಿದಳು. ಸಾವಿತ್ರವ್ವನ ಜೊತೆ ಮಾತಾಡಿದೆವು. “ಮಾಸ್ತರ್ರು ನಮಾಜಿನ್ಯಾಗಿದ್ರಂತ, ಅವರದೇನು ತಪ್ಪೈತಿ? ನನ್ನ ನಸೀಬ” ಎಂದರು. ಆ ಮಾತಿನಿಂದ ನಮಗೇ ಸಮಾಧಾನವಾಯಿತು.

ಕಂಪನಿಗೆ ದೂರು ಕೊಡಲೆಂದು ಅವರ ಕರೆಗಳ ವಿವರ ತರಿಸಿದೆ. ನಿಮಗೂ ಗೊತ್ತಿರಲಿ ಎಂದು ಬರೆಯುತ್ತೇನೆ. ಮನೆಯ ಕೀಪ್ಯಾಡಿಗೆ 12:20, ಉತ್ತರವಿಲ್ಲ. ನಿಮಗೆ 12:21, ಕರೆ ನಿರಾಕರಿಸಲಾಗಿದೆ. ನನಗೆ 12:23, ಉತ್ತರವಿಲ್ಲ, ನಾನು ನಿದ್ರೆಯಲ್ಲಿದ್ದೆ. ನಿಮಗೆ ಎರಡನೆಯ ಸಲ 12:33, ಉತ್ತರವಿಲ್ಲ. ಆಮೇಲೆ ಪೊಲೀಸ್. ಆ ‘ನಿರಾಕರಿಸಲಾಗಿದೆ’ ಎನ್ನುವುದು ನೆಟ್‌ವರ್ಕ್ ದೋಷವಿರಬೇಕು. ನಾನೇ ಆ ಕ್ಷೇತ್ರದಲ್ಲಿದ್ದವನು, ಇಂಥದ್ದು ಎಷ್ಟೋ ನೋಡಿದ್ದೇನೆ.

ನಿಮ್ಮ
ಅರವಿಂದ


ಕಾರ್ಮೆಲ್ ವ್ಯಾಲಿ
ರಜಬ್ 1, ಶನಿವಾರ
2024, ಜನವರಿ 13

ಸಾಕ್ಷಿಗಳಿಲ್ಲದೆಯೂ ನ್ಯಾಯ ತೀರಿಸಬಲ್ಲವನ ನಾಮದಿಂದ.

ಮಾನ್ಯ ಅರವಿಂದರೇ,

ಅದು ನೆಟ್‌ವರ್ಕಿನ ದೋಷವಲ್ಲ.

ಹನ್ನೆರಡು ಇಪ್ಪತ್ತೊಂದಕ್ಕೆ ನಾನು ನಮಾಜಿನಲ್ಲಿರಲಿಲ್ಲ. ಮಸೀದಿಯ ಬಾಗಿಲಿನಲ್ಲಿ, ಚಪ್ಪಲಿಗಳನ್ನಿಡುವ ಹಲಗೆಯ ಮುಂದೆ ನಿಂತಿದ್ದೆ. ಒಂದು ಕಾಲಿನ ಬೂಟು ಕಳಚಿತ್ತು. ಪ್ರವಚನಕ್ಕೆ ಇನ್ನೂ ಒಂಬತ್ತು ನಿಮಿಷವಿತ್ತು. ಫೋನು ತೆಗೆದು ನೋಡಿದೆ. ಕೇಂದ್ರದ ಸಂಖ್ಯೆಯನ್ನು ಗುರುತಿಸಿದೆ. ಆ ಹೊತ್ತಿಗೆ ತಮ್ಮ ಮನೆಯಲ್ಲಿ ಯಾರಿರುವರೆಂಬುದೂ ಗೊತ್ತಿತ್ತು. ಬೆರಳಿನಿಂದ ಕರೆಯನ್ನು ತಳ್ಳಿಹಾಕಿದೆ.

ಆ ಗಳಿಗೆಯಲ್ಲಿ ನನ್ನ ಮನಸ್ಸಿನಲ್ಲಿ ಹುಟ್ಟಿದ ಮಾತನ್ನು ಅದು ಹುಟ್ಟಿದ ರೂಪದಲ್ಲೇ ಬರೆಯುತ್ತೇನೆ: ‘ಕೋಡ್ ಯಾರ ಕೈಗೆ ಕೊಟ್ಟಿದ್ದಾರೋ ಅವರೇ ನೋಡಿಕೊಳ್ಳಲಿ.’ ಇಷ್ಟೇ. ತಾವು ಅಂಗೈ ಅಡ್ಡ ಹಿಡಿದ ದಿನದಿಂದ ಆ ವಾಕ್ಯವು ನನ್ನೊಳಗೆ ಕುಳಿತಿತ್ತು. ಇಪ್ಪತ್ತು ವರ್ಷದ ಸ್ನೇಹಿತನನ್ನು ಬಾಗಿಲು ಕಾಯಲು ನಿಲ್ಲಿಸಿ ಬೀಗದ ಗುಟ್ಟನ್ನು ಮಾತ್ರ ಮರೆಮಾಡಿದರೆಂದು ನೊಂದಿದ್ದೆ. ನೊಂದದ್ದನ್ನು ತಮ್ಮ ಮುಖಕ್ಕೆ ಹೇಳಬಹುದಿತ್ತು. ಹೇಳಿದ್ದರೆ ತಾವು ನಕ್ಕು ಕ್ಷಮೆ ಕೇಳುತ್ತಿದ್ದಿರೇನೋ. ಅದಕ್ಕೆ ಬದಲಾಗಿ ಅದನ್ನು ಮರ್ಯಾದೆಯ ಭಾಷೆಯಲ್ಲಿ ಸುತ್ತಿ ಕಾಗದಕ್ಕೆ ಸೇರಿಸಿದೆ; ತಾವು ಗಮನಿಸದೆ ಹೋದಾಗ ಇನ್ನಷ್ಟು ಉರಿದೆ.

ಎರಡನೆಯ ಕರೆಯ ಹೊತ್ತಿಗೆ ಪ್ರವಚನ ನಡೆದಿತ್ತು. ಆಗಲೂ ಎದ್ದು ಹೊರಗೆ ಹೋಗಬಹುದಿತ್ತು. ನಮ್ಮ ಶಾಸ್ತ್ರವು ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಒಬ್ಬ ಮನುಷ್ಯನಿಗೆ ಅಪಾಯವಿದೆಯೆಂದು ತಿಳಿದರೆ ನಮಾಜನ್ನೇ ಅರ್ಧಕ್ಕೆ ಮುರಿಯಬೇಕು, ಮುರಿಯದಿದ್ದರೆ ದೋಷ. ಮೈಸೂರಿನಲ್ಲಿ ಮೇಷ್ಟ್ರಾಗಿದ್ದಾಗ ಎಷ್ಟು ಜನರಿಗೆ ನಾನೇ ಇದನ್ನು ವಿವರಿಸಿದ್ದೇನೆ! ಆದ್ದರಿಂದ ‘ನಮಾಜಿನಲ್ಲಿದ್ದೆ’ ಎಂಬ ನನ್ನ ಮಾತು ನಿಜವಾಗಿದ್ದರೂ ಅದು ನನಗೆ ರಕ್ಷೆಯಾಗುತ್ತಿರಲಿಲ್ಲ. ಅದು ನಿಜವೂ ಅಲ್ಲ.

ಈ ಮೂರು ವಾರ ಮಸೀದಿಯಲ್ಲಿ ಗೆಳೆಯರು, ಮನೆಯಲ್ಲಿ ಸೊಸೆ ನಿದಾ, ಈಗ ತಾವು, ಸ್ವತಃ ಸಾವಿತ್ರವ್ವನವರು, ಎಲ್ಲರೂ ನನ್ನನ್ನು ಸಂತೈಸಿದರು. ಸಂತೈಸಿದವರಿಗೆಲ್ಲ ತಲೆದೂಗಿದೆ. ದೇವರ ಹೆಸರನ್ನು ಅಡ್ಡ ಹಿಡಿದು ನಿಂತವನಿಗೆ ತಮ್ಮ ಅಂಗೈಯ ಬಗ್ಗೆ ಮಾತಾಡುವ ಅರ್ಹತೆಯಿಲ್ಲ.

ಅಕ್ಬರ್


ಬೆಂಗಳೂರು
21 ಜನವರಿ 2024

ಪಾಷಾ ಅವರಿಗೆ,

ಕಾಗದ ತಲುಪಿತು. ಉತ್ತರ ಬರೆಯಲು ಎರಡು ಸಲ ಕುಳಿತು ಎದ್ದೆ.

ಕೇಂದ್ರದ ಪಟ್ಟಿಯಿಂದ ನಿಮ್ಮ ಹೆಸರನ್ನು ತೆಗೆಸಿ ವಂದನಾ ಹೆಸರು ಹಾಕಿಸಿದ್ದೇನೆ. ಕೀಪ್ಯಾಡನ್ನು ನೇರವಾಗಿ ಮನೆಯ ಕರೆಂಟಿಗೆ ಜೋಡಿಸಿದ್ದಾರೆ. ಸೆಲ್ ಮುಗಿಯುವ ಪ್ರಶ್ನೆಯಿಲ್ಲ. ಸಾವಿತ್ರವ್ವ ಇನ್ನು ನಮ್ಮ ಮನೆಗೆ ಕಾಲಿಡುವುದಿಲ್ಲ ಎಂದಿದ್ದಾರೆ. ನಾವು ಒತ್ತಾಯಿಸಲಿಲ್ಲ.

ಅಂಗೈ ಅಡ್ಡ ಹಿಡಿದದ್ದು ನನಗೆ ನೆನಪಿಲ್ಲ. ಭಾನುವನ್ನು ಕೇಳಿದೆ. “ಹಿಡಿದ್ರಿ, ನಾನು ನೋಡಿದೆ. ಅವರ ಮುಖಾನೂ ನೋಡಿದೆ” ಎಂದಳು. ನೆನಪಿಲ್ಲದ ಮಾತ್ರಕ್ಕೆ ತಪ್ಪಿಲ್ಲವೆಂದಾಗುವುದಿಲ್ಲ, ಅದು ಗೊತ್ತು. ಆದರೆ ನನ್ನ ತಪ್ಪಿಗೆ ಸುಟ್ಟದ್ದು ನನ್ನ ಕೈಯಲ್ಲ, ನಿಮ್ಮ ಕೈಯೂ ಅಲ್ಲ. ನೀವು ಕ್ಷಮೆ ಕೇಳಬೇಕಾದದ್ದು ನನ್ನ ಹತ್ತಿರ ಅಲ್ಲ.

ಸಾವಿತ್ರವ್ವನಿಗೆ ನಾನು ಏನನ್ನೂ ಹೇಳಿಲ್ಲ. ಅದು ನಿಮ್ಮ ಕೆಲಸ.

ಅರವಿಂದ


ಕಾರ್ಮೆಲ್ ವ್ಯಾಲಿ
ಹಿಜರಿ 1445, ಶಾಬಾನ್ 29, ಭಾನುವಾರ
ಕ್ರಿ.ಶ. 2024, ಮಾರ್ಚ್ 10

ಬಾಗಿದವರನ್ನು ಎತ್ತುವವನ ನಾಮದಿಂದ.

ಮಾನ್ಯ ಅರವಿಂದರಿಗೆ,

ನಾಳೆಯಿಂದ ರಮಜಾನ್ ಆರಂಭ. ಉಪವಾಸ ಹಿಡಿಯುವ ಮುನ್ನ ಯಾರ ಮನ ನೋಯಿಸಿದ್ದೇವೆಯೋ ಅವರ ಬಾಗಿಲಿಗೆ ಹೋಗಿ ಕ್ಷಮೆ ಕೇಳುವುದು ನಮ್ಮ ಮನೆತನದ ರೂಢಿ. ದೇವರಿಗೆ ಮಾಡಿದ ಅಪರಾಧವನ್ನು ದೇವರು ಕ್ಷಮಿಸಬಹುದು. ಮನುಷ್ಯರಿಗೆ ಮಾಡಿದ್ದನ್ನು ಆ ಮನುಷ್ಯರೇ ಕ್ಷಮಿಸಬೇಕು. ತಮ್ಮ ಕೊನೆಯ ಕಾಗದದ ತರುವಾಯ ಮೂರು ಸಲ ಸಾವಿತ್ರವ್ವನವರ ಮನೆಗೆ ಹೋಗಿಬಂದೆ. ಪ್ರತಿಸಲವೂ ಅರ್ಷದ್ ಎರಡು ಗಂಟೆ ಡ್ರೈವ್ ಮಾಡಿ, ಕಾರಿನಲ್ಲೇ ಕಾದು, ಏನೂ ಕೇಳದೆ ಮರಳಿ ಕರೆತಂದನು.

ಮೊದಲನೆಯ ಸಲ ಸಾವಿತ್ರವ್ವನವರು ಮಲಗಿದ್ದರು. ಎರಡನೆಯ ಸಲ ಎದುರು ಕುಳಿತರು. ಎಡ ಮಣಿಕಟ್ಟಿನಲ್ಲಿ ಬಳೆಗಳಿರಲಿಲ್ಲ. ಕಲೆಯ ಮೇಲೆ ಬಳೆ ತಾಗಿದರೆ ಉರಿಯುತ್ತದೆಯಂತೆ. ನಾನು ಎಲ್ಲವನ್ನೂ ಹೇಳಿದೆ: ಚಪ್ಪಲಿ ಹಲಗೆ, ಒಂಬತ್ತು ನಿಮಿಷ, ಬೆರಳು. ಆಕೆ ಪೂರ್ತಿ ಕೇಳಿದರು. ಆಮೇಲೆ, “ದೇವರ ಮುಂದ ನಿಂತಿದ್ರಂತ ತಿಳಕೊಂಡು ಸಮಾಧಾನ ಮಾಡಿಕೊಂಡಿದ್ದೆ. ಈಗ ಅದನ್ನೂ ಕಸಗೊಂಡ್ರಲ್ರಿ” ಎಂದು ಎದ್ದು ಒಳಗೆ ಹೋದರು. ವಂದನಾ ಚಹಾ ತಂದಿಟ್ಟು, “ಕುಡೀರಿ ಅಂಕಲ್. ಕುಡಿಸದೆ ಕಳಿಸಬೇಡ ಅಂತ ಒಳಗಿಂದ ಹೇಳ್ತಿದ್ದಾರೆ” ಎಂದಳು.

ಮೂರನೆಯ ಸಲ ನಿನ್ನೆ. ಈ ಸಲ ಬಾಗಿಲು ತೆರೆದವರು ಆಕೆಯೇ.

“ಮತ್ತ ಬಂದ್ರೇನು? ಪೆಟ್ರೋಲ್ ಪುಕ್ಕಟೆ ಸಿಗತೈತೇನು ನಿಮ್ಮೂರಾಗ?”

ನಾಳಿದ್ದಿನಿಂದ ರೋಜಾ ಇರುವುದಾಗಿಯೂ, ಅದಕ್ಕೆ ಮುಂಚೆ ಕೇಳಿಕೊಳ್ಳಲು ಬಂದೆನೆಂದೂ ಅರಿಕೆ ಮಾಡಿದೆ.

“ನಿಮ್ಮ ಉಪವಾಸ ಹಗರಾಗ್ಲಿ ಅಂತ ನಾನು ಮಾಫಿ ಕೊಡಬೇಕೇನು?”

“ಇಲ್ಲ ತಾಯಿ. ಕೇಳುವುದಷ್ಟೇ ನನ್ನದು.”

ಆಕೆ ಮಣಿಕಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡರು. “ಆ ಪೊಲೀಸಗೂ ನಾ ಇನ್ನೂ ಮಾಫಿ ಕೊಟ್ಟಿಲ್ಲ. ಆದ್ರ ಅಂವಾ ನಾ ಯಾರಂತ ಗುರ್ತ ಹಿಡೀಲಾರದ ಮಾಡಿದ. ನೀವು ಗುರ್ತ ಹಿಡದು ಮಾಡಿದ್ರಿ.”

ಐವತ್ತು ವರ್ಷ ಓದಿದ ಯಾವ ಗ್ರಂಥದಲ್ಲಿಯೂ ನನ್ನ ಅಪರಾಧವನ್ನು ಇಷ್ಟು ಕಡಿಮೆ ಮಾತಿನಲ್ಲಿ ಯಾರೂ ಬರೆದದ್ದಿಲ್ಲ.

ಹೊರಡಲು ಅಣಿಯಾದಾಗ ಆಕೆಯೇ ಮುಂದುವರಿಸಿದರು: “ರೋಜಾ ಮುಗೀಲಿ. ಹಬ್ಬ ಮಾಡ್ರಿ, ಹೊಟ್ಟಿ ತುಂಬ ಉಣ್ರಿ. ಆಮ್ಯಾಲ ಬರ್ರಿ. ಹಸಗೊಂಡ ಮನಷ್ಯಾಗ ಇಲ್ಲ ಅನ್ನಾಕ ನನಗ ಬರೂದಿಲ್ಲ. ಅಂಜಿ ಹೂಂ ಅಂದ್ರ ಅದು ಖರೆ ಆಗೂದಿಲ್ಲ. ಖರೆ ಇಲ್ಲದ್ದು ನಿಮಗ ಯಾಕ ಬೇಕು, ನನಗ ಯಾಕ ಬೇಕು?”

ಹಾಗೆಯೇ ಆಗಲೆಂದೆ. ಚಹಾ ಕುಡಿದು ಬಂದೆ. ಹಬ್ಬ ಕಳೆದ ಮೇಲಿನ ಶನಿವಾರ ಪುನಃ ಹೋಗುವವನಿದ್ದೇನೆ. ಆಗ ಆಕೆ ಇಲ್ಲವೆಂದರೂ ಅದು ಖರೆಯ ಮಾತಾಗಿರುತ್ತದೆ. ನನಗೆ ಸಲ್ಲಬೇಕಾದದ್ದು ಅದೇ ಆದರೆ ಅದನ್ನೇ ತೆಗೆದುಕೊಂಡು ಬರುತ್ತೇನೆ. ತಮ್ಮಿಂದ ಉತ್ತರವನ್ನು ನಿರೀಕ್ಷಿಸಿ ಇದನ್ನು ಬರೆದಿಲ್ಲ. ನನ್ನ ಕೆಲಸವೆಂದು ತಾವು ಹೇಳಿದ್ದು ಎಲ್ಲಿಯವರೆಗೆ ಬಂದಿದೆಯೆಂದು ತಿಳಿಸುವುದಷ್ಟೇ ಉದ್ದೇಶ.

ದಯಾಮಯನಾದ ಪ್ರಭುವು ಸಾವಿತ್ರವ್ವನವರ ತೋಳಿನ ನೋವನ್ನು ಕಳೆಯಲಿ, ಆಕೆಯ ನಿದ್ರೆಯನ್ನು ಆಕೆಗೆ ಮರಳಿ ಕೊಡಲಿ. ತಾಯಿಯನ್ನು ಆ ಸ್ಥಿತಿಯಲ್ಲಿ ಕಂಡ ವಂದನಾಳ ಕಣ್ಣುಗಳನ್ನು ತಣಿಸಲಿ. ಪಿಸ್ತೂಲು ಹಿಡಿದ ಆ ತರುಣನ ಕೈಗೆ ತಾಳ್ಮೆಯನ್ನು ಕಲಿಸಲಿ. ತಾವೂ ಭಾನುಮತಿಯವರೂ ಕ್ಷೇಮವಾಗಿ ಮರಳಿ ನಿರ್ಭಯರಾಗಿ ತಮ್ಮ ಮನೆಯಲ್ಲಿ ಬಾಳುವಂತಾಗಲಿ. ಕೇಳದೆ ದಾರಿ ಸವೆಸಿದ ಅರ್ಷದನಿಗೆ ಒಳಿತಾಗಲಿ. ಕಡೆಯಲ್ಲಿ, ಸತ್ಯವನ್ನು ತಡಮಾಡಿ ಹೇಳಿದವನಿಗೆ ಕಾಯುವ ಶಕ್ತಿ ದೊರೆಯಲಿ. ಆಮೀನ್.

ಅಕ್ಬರ್ ಪಾಷಾ